ಗಿರಗಿಟ್ಲೆಯ ಮೂವತ್ತಾರು ಚೈನು

ಫೆಬ್ರವರಿ 11, ಬೆಳಿಗ್ಗೆ

ಇವತ್ತು ಏಳು ಐವತ್ತೆಂಟಕ್ಕೆ ಗೇಟು ದಾಟಿದೆವು. ಎಂಟು ಹೊಡೆದ ಮೇಲೆ ಟಿಕೆಟ್ಟು. ಅದಕ್ಕೆ ಮೊದಲು ಹೊಕ್ಕವರಿಗೆ ಪಾರ್ಕು ಅಪ್ಪನ ಮನೆ ಆಸ್ತಿ — ಸಂಜೆಯವರೆಗೂ ಕೂತಿರಬಹುದು, ಕೇಳುವವರಿಲ್ಲ. ಆದರೆ ಅಕ್ಕನ ಮಗಳು, ನಮ್ಮ ಗಿರಗಿಟ್ಲೆ, ಮನೆಯ ಎರಡನೇ ಮಹಡಿಯಿಂದ ಇಳಿಯುವುದಕ್ಕೇ ಹದಿನೆಂಟು ನಿಮಿಷ. ಒಂದೊಂದು ಮೆಟ್ಟಿಲಿಗೂ ನನ್ನ ಕಡೆ ಒಂದೊಂದು ನೋಟ. ಮೆಟ್ಟಿಲು ಕಟ್ಟಿಸಿದವನು ನಾನೇ ಎನ್ನುವ ಹಾಗೆ.

ವಾಚ್‌ಮನ್ ಗಡಿಯಾರ ನೋಡಿ ಹೇಳಿದ, "ಏನ್ ಯಜಮಾನ್ರೇ, ಎರಡೇ ನಿಮಿಷ ಉಳಿಸಿದ್ರಿ."

"ನಾನು ಅಳತೆಯವನು. ಎರಡು ನಿಮಿಷ ಬೇಕು ಅಂತಲೇ ಇಟ್ಟಿದ್ದು," ಎಂದೆ.

ಗಿರಗಿಟ್ಲೆ ಕೋಲೂರಿಕೊಂಡು ನಕ್ಕಳು. ಈ ವಾರದಲ್ಲಿ ಮೊದಲ ನಗು. ಫ್ಲಾಸ್ಕಿನ ಟೀ, ನಾಲ್ಕು ಸ್ಲೈಸ್ ಬ್ರೆಡ್ಡು, ಬಿಸಿಲು ಬೀಳುವ ಬೆಂಚು. ಇಬ್ಬರ ತಿಂಡಿ ಮುಗಿಯಿತು. ಹೋಟೆಲಿನವನು ಇಂಥ ಬಿಸಿಲನ್ನು ಎಲ್ಲಿಂದ ತರುತ್ತಾನೆ?

ಫೆಬ್ರವರಿ 14

ಬರೆಯುತ್ತಿರುವುದು ಹಳೆಯ ಫೀಲ್ಡ್ ಬುಕ್ಕಿನಲ್ಲಿ. ರಿಟೈರಾದಾಗ ಸರ್ವೆಯರ್ ಸಾಹೇಬರು ಕೊಟ್ಟರು... ಅಂದರೆ ನಾನು ತಂದೆ, ಅವರು ನೋಡಲಿಲ್ಲ.

ಮೂವತ್ತೊಂದು ವರ್ಷ ಸರ್ವೆ ಚೈನು ಎಳೆದವನು ನಾನು. ಊರ ಶಾಲೆಯಲ್ಲಿ ಏಳನೇ ಕ್ಲಾಸು, ಅಷ್ಟೇ. ಆದರೆ ನನ್ನ ಅಳತೆಯಲ್ಲಿ ಒಂದು ಕೊಂಡಿ ಹೆಚ್ಚು ಕಡಿಮೆ ಬಂದದ್ದನ್ನು ಯಾರಾದರೂ ತೋರಿಸಲಿ, ಅರ್ಧ ಮೀಸೆ ಬೋಳಿಸುತ್ತೇನೆ. ಒಂದು ಚೈನು ಎಂದರೆ ಅರವತ್ತಾರು ಅಡಿ. ನನ್ನ ಹೆಜ್ಜೆಯಲ್ಲಿ ಇಪ್ಪತ್ತಾರೂವರೆ. ಗಿರಗಿಟ್ಲೆಯ ಪಕ್ಕ ನಡೆಯುವಾಗ ನಲವತ್ತು.

ಇವತ್ತು ನಾಲ್ಕು ಚೈನು ನಡೆಸಿದೆ. ಪ್ರತಿ ಚೈನಿಗೂ ಹಳೇ ರೂಢಿಯಂತೆ ಗಂಟಲು ಬಿಟ್ಟು ಕೂಗಿದೆ — "ಒಂದ್ ಚೈನೋ!" ಜಾಗಿಂಗ್ ಮಾಡುತ್ತಿದ್ದವನೊಬ್ಬ ಬೆಚ್ಚಿ ಹುಲ್ಲಿನ ಮೇಲೆ ಹಾರಿದ.

"ಮಾವ, ಮಾನ ತೆಗೀಬೇಡ," ಎಂದಳು.

"ಮಾನ ಅಳೆಯೋಕೆ ಬೇರೆ ಟೇಪಿದೆ. ನಡಿ."

ಫೆಬ್ರವರಿ 27, ಮಧ್ಯಾಹ್ನ

ಅವಳ ಆಫೀಸಿನಿಂದ ಕಾಗದ ಬಂತು. ಊರಿಗೆಲ್ಲ ಕಾಗದ ಹಂಚುವವಳಿಗೆ ಬಂದ ಕಾಗದ. ಅವಳೇ ಎರಡು ಸಲ ಗಟ್ಟಿಯಾಗಿ ಓದಿದಳು.

ಡಿಸೆಂಬರಿನಲ್ಲಿ ಆಫೀಸು ಡಾಕ್ಟರ ಪರೀಕ್ಷೆ. ಹೆಗಲಿಗೆ ಟಪಾಲು ಚೀಲ, ಕೂರದೆ ಒಂದು ಕಿಲೋಮೀಟರ್. ಪಾಸಾದರೆ ಮತ್ತೆ ಅವಳ ಬೀದಿಗಳು ಅವಳಿಗೆ. ಇಲ್ಲವೆಂದರೆ ದೂರದ ಊರಿನ ಸಾರ್ಟಿಂಗ್ ಹಾಲು, ನೆಲಮಾಳಿಗೆ, ಟ್ಯೂಬ್‌ಲೈಟು, ಕುರ್ಚಿ. ಆಗಸ್ಟ್ ಕೊನೆಯೊಳಗೆ ತಾನಾಗಿ ಬರೆದುಕೊಟ್ಟರೆ ಪರೀಕ್ಷೆಯಿಲ್ಲದೆಯೂ ಅದು ಸಿಗುತ್ತದೆಯಂತೆ.

"ಕುರ್ಚಿ ಕೆಲಸ ಕೆಟ್ಟದ್ದೇನಲ್ಲ," ಎಂದೆ, ನೋಡೋಣ ಎಂದು.

"ಬೀದಿ ಇಲ್ಲದ ಪೋಸ್ಟ್ ಕೆಲಸ, ನೀರಿಲ್ಲದ ಈಜು ಮಾವ. ಮೂರನೇ ಕ್ರಾಸಿನ ಕುರುಡಜ್ಜ ನಾನು ಓದಿ ಹೇಳ್ತೀನಿ ಅಂತ ಕಾಯ್ತಿರ್ತಾನೆ. ಅಲ್ಲಿ ಕತ್ತಲಲ್ಲಿ ಯಾರ ಮುಖ ನೋಡಲಿ?"

ನಡೆಯಲು ಕಲಿತ ದಿನದಿಂದ ನಿಂತಲ್ಲಿ ನಿಂತವಳಲ್ಲ. ಗಿರಗಿಟ್ಲೆ ಎಂದು ಹೆಸರಿಟ್ಟವನೇ ನಾನು. ನವೆಂಬರಿನಲ್ಲಿ ಕಾಗದ ಹಂಚುವ ಬೀಟಿನ ಮೇಲಿದ್ದಾಗ ಸ್ಕೂಟರಿನವನು ಗುದ್ದಿ ಹೋದ. ತೊಡೆಯ ಮೂಳೆ, ಒಂದು ಪ್ಲೇಟು, ಏಳು ಸ್ಕ್ರೂ. ಅಕ್ಕ ಇದ್ದಿದ್ದರೆ... ಇಲ್ಲ. ನಾನಿದ್ದೇನೆ. ಹದಿನೈದು ದಿನಕ್ಕೆಂದು ಬಂದವನು ಬಾಗಿಲ ಪಕ್ಕ ಮಡಚುವ ಮಂಚ ಹಾಕಿಕೊಂಡು ಬಿದ್ದಿದ್ದೇನೆ.

ಅರ್ಧ ಗಂಟೆಗಿಷ್ಟು ಎಂದು ಎಣಿಸುವ ಫಿಸಿಯೋ ಅಂಗಡಿ ನಮಗೆ ಬೇಡ. ಒಂದು ಕಿಲೋಮೀಟರ್ ಎಂದರೆ ಐವತ್ತು ಚೈನಿಗೆ ಒಂದಿಷ್ಟು ಕಡಿಮೆ. ಪಾರ್ಕಿದೆ. ಬಿಟ್ಟಿ ಇದೆ. ಮಾವ ಇದ್ದಾನೆ.

ಮಾರ್ಚ್ 16

ಹತ್ತು ಚೈನಿನಲ್ಲಿ ಕುದುರೆ ನಿಂತಿದೆ. ನಾನು "ಹತ್ತು" ಎಂದು ಕೂಗುವುದೇ ತಡ, ಬಾಯಿ ಮುಚ್ಚುವುದರೊಳಗೆ ಕುಂಡಿ ಬೆಂಚಿಗೆ. ಕಾಲು ನಿಲ್ಲುತ್ತಿಲ್ಲ, ಲೆಕ್ಕ ನಿಲ್ಲಿಸುತ್ತಿದೆ. ಹನ್ನೊಂದು ಎಂದರೆ ಹುಲಿ ಕಂಡವಳ ಹಾಗೆ ಮಾಡುತ್ತಾಳೆ.

ಎಲೆ ಉದುರುವ ಕಾಲ. ದಾರಿ ತುಂಬಾ ಒಣಗಿದೆಲೆ. ಕೋಲು ಜಾರೀತೆಂದು ಕಾಲಲ್ಲಿ ಗುಡಿಸುತ್ತಾ ಮುಂದೆ ಹೋಗುತ್ತೇನೆ. ತೋಟದಮ್ಮ — ಇಲ್ಲಿ ಗಿಡ ನೋಡಿಕೊಳ್ಳುವ ಹೆಂಗಸು, ನನಗಿಂತ ಎರಡು ವರ್ಷ ದೊಡ್ಡವಳು, ಬಾಯಿ ಇಪ್ಪತ್ತು ವರ್ಷ ದೊಡ್ಡದು — ಕೂಗಿದಳು, "ಸಂಬಳ ಕೊಡಲ್ಲ ಕಣಯ್ಯಾ!"

"ಇಟ್ಕೋ, ದಾನ ಮಾಡ್ತಿದೀನಿ!"

ಮಾರ್ಚ್ 23

ಇವತ್ತು ನನ್ನ ಜೀವಮಾನದಲ್ಲೇ ಆಗದಿದ್ದದ್ದು ಆಯಿತು. ಲೆಕ್ಕ ತಪ್ಪಿತು. ತೋಟದಮ್ಮನಿಗೆ ನಾನು ಬೆಟ್ಟದ ನೆತ್ತಿಗೆ ಚೈನು ಎಳೆದ ಕಥೆ ಹೇಳುತ್ತಾ ನಡೆಯುತ್ತಿದ್ದೆ. ಬೆಟ್ಟ ಹತ್ತಿ ಇಳಿಯುವುದರೊಳಗೆ ಗಿರಗಿಟ್ಲೆ ನನ್ನ ಪಕ್ಕ ಸದ್ದಿಲ್ಲದೆ ನಡೆದೇ ನಡೆದಿದ್ದಾಳೆ. ವಾಪಸು ಹೋಗಿ ಹೆಜ್ಜೆಯಲ್ಲಿ ಅಳೆದೆ. ಹದಿಮೂರು!

ಬಾಯಿ ಸುಮ್ಮನಿರಬೇಕಲ್ಲ, ಹೇಳಿಬಿಟ್ಟೆ. ಅವಳು ಬಿಳಿಚಿಕೊಂಡು ತೊಡೆ ಒತ್ತಿಕೊಂಡಳು. "ಹದಿಮೂರಾ? ಅದಕ್ಕೇ ಹೀಗೆ ನೋಯ್ತಿರೋದು." ಅಲ್ಲಿಯವರೆಗೆ ನೋಯುತ್ತಿರಲಿಲ್ಲ!

ಮಾರ್ಚ್ 27

ನಾಲ್ಕು ದಿನದಿಂದ ಮೆಟ್ಟಿಲು ಇಳಿದಿಲ್ಲ. ಹದಿಮೂರು ಎಂಬ ಸಂಖ್ಯೆ ಕಾಲಿಗೆ ಹೊಕ್ಕು ಕೂತಿದೆ. ಇನ್ನು ನಿಜ ಹೇಳಿದರೆ ನಾನು ನಾನಲ್ಲ.

ಏಪ್ರಿಲ್ 19, ಬೆಳಿಗ್ಗೆ 11

ಉರಿಬಿಸಿಲು. ನಮ್ಮ ಕೋಣೆ ಹೆಂಚಿನ ಮೇಲಿಟ್ಟ ಹಾಗೆ. ಪಾರ್ಕಿನಲ್ಲಿ ಹಾಗಲ್ಲ. ಯಾವ ಬೆಂಚಿಗೆ ಎಷ್ಟು ಗಂಟೆಗೆ ನೆರಳು ಎಂದು ನಕ್ಷೆಯನ್ನೇ ಬರೆದಿದ್ದೇನೆ. ಎಂಟರಿಂದ ಒಂಬತ್ತೂವರೆ ಕೊಳದ ಬೆಂಚು. ಆಮೇಲೆ ಬಿದಿರು. ಹನ್ನೊಂದಕ್ಕೆ ಬ್ಯಾಂಡ್ ಸ್ಟ್ಯಾಂಡಿನ ಹಿಂದೆ, ಕಲ್ಲು ತಣ್ಣಗಿರುತ್ತದೆ. ಮನೆಯ ಫ್ಯಾನು ಇಡೀ ದಿನ ಆಫ್.

ಚೈನು ಹಿಗ್ಗುತ್ತಿದೆ. ನಲವತ್ತು ಹೆಜ್ಜೆಗೆ ಕೂಗಬೇಕಾದ್ದನ್ನು ನಲವತ್ತೈದಕ್ಕೆ ಕೂಗುತ್ತೇನೆ. ನಿನ್ನೆಯ ದಾರಿಯನ್ನು ಇವತ್ತು ಹಿಡಿಯುವುದಿಲ್ಲ — ಗುರುತು ಸಿಗಬಾರದು. "ಬಿಟ್ಟಿ ಸಿಕ್ಕಾಗ ಪಾರ್ಕೆಲ್ಲಾ ನೋಡಬೇಕು" ಎಂದಿದ್ದೇನೆ. ಅವಳ ವಾಚು ಮನೆಯಲ್ಲಿ ಬಿಡಿಸಿದ್ದೇನೆ. "ಪಾರ್ಕಿಗೆ ಗಡಿಯಾರ ಕಟ್ಟಿಕೊಂಡು ಬರೋರು ಸಾಲಗಾರರು." ನಂಬಿದಳು.

ಮೇ 10, ಭಾನುವಾರ

ಬ್ಯಾಂಡ್ ಸ್ಟ್ಯಾಂಡಿನಲ್ಲಿ ಬಿಟ್ಟಿ ಸಂಗೀತ. ತುತ್ತೂರಿ ಊದುವವನ ಕೆನ್ನೆ ನೋಡಿ ಗಿರಗಿಟ್ಲೆ ಬಿದ್ದು ಬಿದ್ದು ನಕ್ಕಳು. ಕೋಲಿನ ತುದಿಯಲ್ಲಿ ತಾಳ ಹಾಕಿದಳು. ನಿಂತು ತಾಳ ಹಾಕುವಾಗ ಮೈಭಾರ ಹೊತ್ತದ್ದು ಮುರಿದಿದ್ದ ಕಾಲೇ ಎಂದು ನಾನು ನೋಡಿದೆ. ಅವಳು ನೋಡಲಿಲ್ಲ.

ಮೆಲ್ಲಮೆಲ್ಲಗೆ ಹತ್ತು ದಾಟಿಸಿ, ಇವತ್ತು ಕೂಗಿದ್ದು ಇಪ್ಪತ್ತು. ನಡೆದದ್ದು ಇಪ್ಪತ್ತಮೂರು.

ಜೂನ್ 21

ಮಳೆ. ಛತ್ರಿ ಒಂದೇ, ಅದನ್ನು ಅವಳ ತಲೆಗೆ ಹಿಡಿದು ನಾನು ತೋಯ್ದೆ. "ತೋಯುವುದು ಆರೋಗ್ಯಕ್ಕೆ ಒಳ್ಳೆಯದು" ಎಂದೆ. ಮೂರು ಸೀನು ಬಂತು.

ಕೂಗುವುದನ್ನು ಇಪ್ಪತ್ತರಲ್ಲೇ ನಿಲ್ಲಿಸಿದ್ದೇನೆ. ನಡೆಸಿದ್ದು ಇಪ್ಪತ್ತೊಂಬತ್ತು. ಡಿಸೆಂಬರಿನಲ್ಲಿ ಒಂದು ದಿನ, ಐವತ್ತು ಮುಗಿದ ಮೇಲೆ, ತಿರುಗಿ ನಿಂತು ಹೇಳುತ್ತೇನೆ — ನಡೆದದ್ದು ಐವತ್ತು ಕಣೇ ಗಿರಗಿಟ್ಲೆ! ಆಗ ಅವಳ ಮುಖ ನೋಡಬೇಕು. ತೋಟದಮ್ಮ, ವಾಚ್‌ಮನ್, ತುತ್ತೂರಿಯವನು, ಎಲ್ಲರೂ ಇರಬೇಕು. ನಾನು ಏನು ಹೇಳಬೇಕೆಂದು ಭಾಷಣ ಕೂಡ ರೆಡಿ ಇದೆ.

ಜುಲೈ 30

ಫ್ಲವರ್ ಶೋಗೆ ಬೆಳಗಿನಿಂದಲೇ ಟಿಕೆಟ್ಟು, ಅದೂ ಜೋರು. ನಮಗೇನು? ಜೋಡಿಸುವ ದಿನವೇ ನೋಡಿದೆವು. ತೋಟದಮ್ಮ ಒಳಗೆ ಬಿಟ್ಟಳು. ಹೂವಿನ ಆನೆಗೆ ಇನ್ನೂ ಸೊಂಡಿಲು ಬಂದಿರಲಿಲ್ಲ. ಗಿರಗಿಟ್ಲೆ ಕುಂಡಗಳನ್ನು ಸಾಲಿಗಿಡಲು ಕೈ ಹಾಕಿದಳು, ಅರ್ಧ ಗಂಟೆ ನಿಂತೇ ಇದ್ದಳು. ದುಡ್ಡು ಕೊಟ್ಟವರಿಗೆ ಇದು ಸಿಗುತ್ತದೆಯೇ?

ಬರುವಾಗ ಕೇಳಿದಳು, "ಇವತ್ತೂ ಇಪ್ಪತ್ತೇನಾ ಮಾವ?"

"ಇಪ್ಪತ್ತು."

"ಹೂಂ," ಎಂದಳು.

ಆಗಸ್ಟ್ 17, ಬೆಳಿಗ್ಗೆ 6.30

ಮೇಜಿನ ಮೇಲೆ ಆಫೀಸಿನ ಫಾರ್ಮು. ನೆಲಮಾಳಿಗೆಯ ಕೆಲಸಕ್ಕೆ ಒಪ್ಪಿಗೆ. ಹೆಸರು, ನಂಬರು ತುಂಬಿದ್ದಾಳೆ. ಸಹಿ ಮಾತ್ರ ಬಾಕಿ.

ಕೇಳಿದೆ. ಜಡೆ ಹಾಕಿಕೊಳ್ಳುತ್ತಾ, ಕನ್ನಡಿಗೆ ಹೇಳುವ ಹಾಗೆ ಹೇಳಿದಳು, "ಮೇ ತಿಂಗಳಲ್ಲಿ ಇಪ್ಪತ್ತು. ಆಗಸ್ಟಲ್ಲೂ ಇಪ್ಪತ್ತು. ಆಗ ಎಷ್ಟು ನೋಯ್ತಿತ್ತೋ ಈಗಲೂ ಅಷ್ಟೇ ನೋಯುತ್ತೆ. ಈ ಕಾಲು ಇಷ್ಟೇ ಮಾವ. ನೀನು ಪಾಪ ಎಷ್ಟು ಅಂತ ಕೂಗ್ತೀಯ."

ದೂರ ಬೆಳೆಸುತ್ತಾ ಹೋದೆ, ಅದಕ್ಕೇ ನೋವು ಇಳಿಯದೆ ಅಷ್ಟೇ ಉಳಿಯಿತು. ಲೆಕ್ಕ ಗೊತ್ತಿದ್ದವನು ನಾನೊಬ್ಬನೇ. ಅವಳಿಗೆ ಗೊತ್ತಿದ್ದದ್ದು ನೋವೊಂದೇ.

ಅದೇ ದಿನ, ಬೆಳಿಗ್ಗೆ 10

ಹೇಳಿದೆ. ಕೊಳದ ಬೆಂಚಿನ ಮೇಲೆ ಕೂರಿಸಿ ಎಲ್ಲಾ ಹೇಳಿದೆ. ಚೈನು ಹಿಗ್ಗಿಸಿದೆ, ಇವತ್ತು ಗೇಟಿನಿಂದ ಇಲ್ಲಿಗೆ ನೀನು ನಡೆದದ್ದು ಮೂವತ್ತಾರು ಎಂದೆ.

ನನ್ನ ಕೈ ಹಿಡಿದುಕೊಂಡಳು. "ನನಗೆ ಬೇಜಾರಾಗ್ಬಾರ್ದು ಅಂತ ಹೇಳ್ತಿದೀಯ. ನೀನು ಸುಳ್ಳು ಹೇಳೋವಾಗ ಕಿವಿ ಅಲ್ಲಾಡುತ್ತೆ."

ನನ್ನ ಕಿವಿ ಯಾವಾಗಲೂ ಅಲ್ಲಾಡುತ್ತದೆ! ಸಿಟ್ಟು ಬಂದಿದ್ದರೆ ಸಹಿಸಬಹುದಿತ್ತು. ಕನಿಕರ ಪಟ್ಟಳು. ಇಷ್ಟು ವರ್ಷ ಕೊಚ್ಚಿಕೊಂಡದ್ದರ ಫಲ — ನಿಜ ಹೇಳಿದ ಒಂದು ದಿನ ನಂಬುವವರಿಲ್ಲ.

ಆಗಸ್ಟ್ 19, ಮಧ್ಯಾಹ್ನ 12

ಇದನ್ನು ಬರೆದಿಡಬೇಕು.

ತೋಟದಮ್ಮನ ಹತ್ತಿರ ಹೋದೆ. ಪಾತಿ ಅಳೆಯುವ ಅವಳ ಟೇಪು ಕೇಳಿದೆ. ಯಾಕೆ ಎಂದಳು. ಹೇಳಬೇಕಾಯಿತು. ಹೇಳುವಾಗ ನೆಲ ನೋಡುತ್ತಿದ್ದೆ. ಮೂವತ್ತೊಂದು ವರ್ಷ ಚೈನು ಎಳೆದವನು ಕಳ್ಳ ಅಳತೆ ಮಾಡಿದೆ ಎಂದು ಇನ್ನೊಬ್ಬರ ಎದುರು ಒಪ್ಪಿಕೊಳ್ಳುವುದು... ಇರಲಿ. ಅವಳು ನಗಲಿಲ್ಲ. ಟೇಪು, ಹಗ್ಗ, ಗಿಡಕ್ಕೆ ಊರುವ ಹತ್ತು ಕಡ್ಡಿ, ಎಲ್ಲಾ ತಂದುಕೊಟ್ಟಳು.

ಟೇಪು ಹಿಡಿದು ಅರವತ್ತಾರು ಅಡಿ ಹಗ್ಗ ಕತ್ತರಿಸಿದವಳು ಗಿರಗಿಟ್ಲೆಯೇ. ನನ್ನನ್ನು ಮುಟ್ಟಗೊಡಲಿಲ್ಲ. ನಾನೂ ಮುಟ್ಟಲಿಲ್ಲ.

"ಚೈನಿಗೆ ಇಬ್ಬರು ಬೇಕು," ಎಂದೆ. "ಮುಂದಿನವನು ಹಗ್ಗ ಎಳೆದು, ತುದಿಯಲ್ಲಿ ಕಡ್ಡಿ ಊರಿ ಹೋಗ್ತಾನೆ. ಹಿಂದಿನವನು ಕಡ್ಡಿ ಕೀಳ್ತಾ ಬರ್ತಾನೆ. ಹಿಂದಿನವನ ಕೈಯಲ್ಲಿ ಎಷ್ಟು ಕಡ್ಡಿಯೋ ಅಷ್ಟು ಚೈನು. ಸುಳ್ಳಿಗೆ ಜಾಗ ಇಲ್ಲ. ನೀನು ಮುಂದೆ."

"ಬಗ್ಗಿ ಊರಬೇಕಾ?"

"ಬಗ್ಗಿ ಊರಬೇಕು."

ಗೇಟಿನಿಂದ ಮೊನ್ನೆಯ ದಾರಿಯಲ್ಲೇ ಹೊರಟೆವು. ಮೊದಲ ಕಡ್ಡಿಗೆ ಹಲ್ಲು ಕಚ್ಚಿದಳು. ಮೂರನೆಯದಕ್ಕೆ ಕೋಲನ್ನು ತೋಟದಮ್ಮನ ಕೈಗೆ ಕೊಟ್ಟಳು, ಒಂದು ಕೈಯಲ್ಲಿ ಹಗ್ಗ, ಒಂದರಲ್ಲಿ ಕಡ್ಡಿ, ಕೋಲಿಗೆ ಕೈ ಎಲ್ಲಿದೆ? ಹತ್ತು ಕಡ್ಡಿ ನನ್ನ ಕೈಗೆ ಬಂದಾಗ ಎಣಿಸಿ ವಾಪಸು ಕೊಟ್ಟೆ. ತೋಟದಮ್ಮ ಮಣ್ಣಿನಲ್ಲಿ ಒಂದು ಗೆರೆ ಎಳೆದಳು. ಬಿದಿರು ದಾಟಿ ಇನ್ನೊಮ್ಮೆ ಹತ್ತು. ಗುಲಾಬಿ ಸುತ್ತಿ ಬ್ಯಾಂಡ್ ಸ್ಟ್ಯಾಂಡಿನ ಹತ್ತಿರ ಮತ್ತೊಮ್ಮೆ. ಅಲ್ಲಿ ಮಣ್ಣೆಲ್ಲಿದೆ, ತೋಟದಮ್ಮ ಒದ್ದೆ ಬೆರಳಲ್ಲಿ ಕಲ್ಲಿನ ಮೇಲೇ ಗೆರೆ ಎಳೆದಳು.

ಇಪ್ಪತ್ತು ದಾಟಿದ್ದು ಗಿರಗಿಟ್ಲೆಗೆ ಗೊತ್ತಾಗಿತ್ತು. ಹಿಂದಕ್ಕೆ ತಿರುಗಲಿಲ್ಲ. ಕುತ್ತಿಗೆ ಮಾತ್ರ ಕೆಂಪಾಗುತ್ತಾ ಹೋಯಿತು.

ಕೊಳದ ಬೆಂಚು ಮುಟ್ಟಿದಾಗ ನನ್ನ ಕೈಯಲ್ಲಿ ಆರು ಕಡ್ಡಿ. ದಾರಿಯಲ್ಲಿ ಎಳೆದ ಗೆರೆ ಮೂರು.

ಬೆಂಚಿಗೆ ಕೂರಲಿಲ್ಲ. ನಿಂತೇ ಎಣಿಸಿದಳು, ಎರಡು ಸಲ. "ಮೂವತ್ತಾರು," ಎಂದಳು. ಕಾಗದ ಓದುವ ದನಿ. ತೋಟದಮ್ಮ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ನಾನು ಹೋಗ್ತೀನಮ್ಮ, ನೀರು ಬಿಟ್ಟು ಬಂದಿದೀನಿ," ಎಂದು ಹೊರಟುಹೋದಳು.

ಈಗ ನಗುತ್ತಾಳೆ ಎಂದುಕೊಂಡೆ. ಭಾಷಣ ಗಂಟಲವರೆಗೆ ಬಂದಿತ್ತು.

"ಯಾವಾಗಿಂದ?" ಎಂದಳು.

"ಏಪ್ರಿಲ್..."

"ನನಗೆ ಬರಬೇಕಿದ್ದ ಒಳ್ಳೇ ಸುದ್ದೀನ ಜೇಬಲ್ಲಿ ಇಟ್ಕೊಂಡು ನಾಲ್ಕು ತಿಂಗಳು ನನ್ನ ಪಕ್ಕದಲ್ಲೇ ತಿರುಗಿದೀಯ. ಗೋಡೆ ಕಡೆ ತಿರುಗ್ಕೊಂಡು ಅತ್ತಿದೀನಿ ಮಾವ. ನಿನ್ನ ಸುಳ್ಳು ಲೆಕ್ಕಕ್ಕೆ ಅತ್ತಿದೀನಿ. ನಮ್ಮ ಆಫೀಸಲ್ಲಿ ಯಾರಾದ್ರೂ ಹೀಗೆ ಟಪಾಲು ಬಚ್ಚಿಟ್ರೆ ಕೆಲಸ ಹೋಗುತ್ತೆ, ಗೊತ್ತಾ?"

ಹೆದರಿಸಬಾರದೆಂದು ಮಾಡಿದೆ, ಅದು ನಿಜ. ಆದರೆ ಡಿಸೆಂಬರಿನ ಭಾಷಣಕ್ಕೆ ಕಾದದ್ದೂ ನಿಜ. ಎರಡನೆಯದನ್ನು ಇಲ್ಲಿ ಮಾತ್ರ ಬರೆಯುತ್ತಿದ್ದೇನೆ.

ಆಗಸ್ಟ್ 20

ಅವಳು ಮೆಟ್ಟಿಲು ಇಳಿಯಲಿಲ್ಲ.

ಆಗಸ್ಟ್ 21

ಪಾರ್ಕಿಗೆ ಬಂದಳು. ನನಗಿಂತ ಹತ್ತು ಹೆಜ್ಜೆ ಮುಂದೆ. ಬೇರೆ ಬೆಂಚು. ಟೀ ಮಾತ್ರ ನನ್ನ ಫ್ಲಾಸ್ಕಿನದೇ, ಕೈ ಚಾಚಿ ಇಸಿದುಕೊಂಡಳು, ಮುಖ ನೋಡದೆ.

ಆಗಸ್ಟ್ 24

ಫಾರ್ಮು ನಾಲ್ಕು ತುಂಡಾಗಿ ಕಸದ ಬುಟ್ಟಿಯಲ್ಲಿ. ತುಂಡು ಜೋಡಿಸಿ ನೋಡಿದೆ, ಸಹಿ ಇಲ್ಲ.

ಬಾಗಿಲಲ್ಲಿ ನಿಂತು ಹೇಳಿದಳು, "ಇವತ್ತಿಂದ ಲೆಕ್ಕ ನಾನು ಹಿಡೀತೀನಿ. ನೀನು ಬಾಯಿ ಬಿಡಬಾರದು."

"ಒಂದು ಸಣ್ಣ ಕೂಗು..."

"ಒಂದೂ ಇಲ್ಲ."

ಆಯಿತು. ಒಪ್ಪಿದೆ. ಏಳು ಗಂಟೆ ಐವತ್ತಕ್ಕೇ ಗೇಟು ದಾಟಿದೆವು. ಮೆಟ್ಟಿಲಿಗೆ ಆರು ನಿಮಿಷ.

ಅಕ್ಟೋಬರ್ 3

ಮಳೆ ಬಿಟ್ಟಿತು. ಹುಲ್ಲಿನ ಮೇಲೆ ಕೊಡತಿ ಹುಳುಗಳ ಹಿಂಡು, ಬಿಸಿಲಿಗೆ ರೆಕ್ಕೆ ಗಾಜಿನ ಹಾಗೆ. ಇಷ್ಟು ಚೆಂದದ್ದಕ್ಕೆ ಟಿಕೆಟ್ಟು ಇಡಲು ಇನ್ನೂ ಯಾರಿಗೂ ಹೊಳೆದಿಲ್ಲ.

ನಲವತ್ತೊಂದು. ಅವಳ ಲೆಕ್ಕ. ನಾನು ಒಳಗೊಳಗೇ ಎಣಿಸಿದೆ, ನಲವತ್ತೊಂದೇ. ಒಂದು ದಿನ ಮೂವತ್ತೆಂಟಕ್ಕೆ ನಿಂತಳು, ಅದನ್ನೂ ಮೂವತ್ತೆಂಟು ಎಂದೇ ಹೇಳಿದಳು. ಹೆದರಲಿಲ್ಲ. ಮಾರನೇ ದಿನ ಬಂದಳು. ಇದು ನನಗೆ ಏಪ್ರಿಲಿನಲ್ಲೇ ಹೊಳೆಯಬೇಕಿತ್ತು.

ನವೆಂಬರ್ 15

ಟಪಾಲು ಚೀಲಕ್ಕೆ ಹಳೆ ಪೇಪರು ತುಂಬಿ ಅಭ್ಯಾಸ. ವಾಚ್‌ಮನ್ ತಡೆದ. "ಏನಮ್ಮಾ, ನಮಗೇನಾದ್ರೂ ಕಾಗದ ಬಂದಿದೆಯಾ?" ಒಂದು ಪೇಪರು ತೆಗೆದು ಕೊಟ್ಟಳು. ಅವನು ಸ್ಟೂಲಿನ ಮೇಲೆ ಕೂತು ಅದನ್ನೇ ಓದತೊಡಗಿದ. ಎರಡು ತಿಂಗಳ ಹಳೆಯದು. ಸುದ್ದಿಯೇನೂ ಬದಲಾಗಿಲ್ಲವಂತೆ.

ಡಿಸೆಂಬರ್ 9, ಸಂಜೆ

ಪರೀಕ್ಷೆ. ಆಫೀಸಿನ ಅಂಗಳದಲ್ಲಿ ಸುತ್ತು. ನನ್ನನ್ನು ಕಾಂಪೌಂಡಿನ ಹೊರಗೆ ನಿಲ್ಲಿಸಿದರು. ಗೋಡೆ ಎತ್ತರ. ಇಟ್ಟಿಗೆ ಇಟ್ಟುಕೊಂಡು ಇಣುಕಿದೆ, ಗಾರ್ಡು ಇಳಿಸಿದ. ಮತ್ತೆ ಹತ್ತಿದೆ, ಮತ್ತೆ ಇಳಿಸಿದ. ಮೂರನೇ ಸಲಕ್ಕೆ ಅವನೇ, "ಕೊನೇ ಸುತ್ತು ಯಜಮಾನ್ರೇ, ನಡೀತಿದಾರೆ," ಎಂದ.

ಮುಗಿಸಿದಳು. ಕೂರಲಿಲ್ಲ. ಆದರೆ ಡಾಕ್ಟರು ಪೂರಾ ಬೀಟು ಕೊಡಲಿಲ್ಲ. ಒಂಬತ್ತು ಬೀದಿ, ಅರ್ಧ ಬೀಟು. ಮೊದಲ ದಿನವೇ ನೋಡುತ್ತಾರಂತೆ. ಹಂಚದೆ ಒಂದು ಕಾಗದ ವಾಪಸು ಬಂದರೂ ನೆಲಮಾಳಿಗೆ.

ಡಿಸೆಂಬರ್ 17, ಬೆಳಿಗ್ಗೆ 8.15

ಹೋದಳು. ಷೂ ಲೇಸು ತಾನೇ ಕಟ್ಟಿಕೊಂಡಳು.

"ನೀನು ಹಿಂದೆ ಬರಬಾರದು. ಮರದ ಹಿಂದೆ, ಕಾರಿನ ಹಿಂದೆ, ಎಲ್ಲೂ ಇರಬಾರದು. ಬೀಟು ಮುಗಿಯೋದು ಪಾರ್ಕಿನ ಹಿಂದಿನ ಗೇಟಿನ ಹತ್ತಿರ. ಒಂದೂವರೆಗೆ ಒಳಗೆ ಬರ್ತೀನಿ. ಅಲ್ಲಿರು."

"ಮೂರನೇ ಕ್ರಾಸಲ್ಲಿ ನಾಯಿ—"

"ಮಾವ!"

ಮಧ್ಯಾಹ್ನ 12.40

ಪಾರ್ಕು. ಮನೆಯಲ್ಲಿ ಕೂರಲಾಗದೆ ಬಂದೆ, ಟಿಕೆಟ್ಟು ತೆಗೆದೇ ಬಂದೆ. ವಾಚ್‌ಮನ್ ಟಿಕೆಟ್ಟನ್ನು ಬೆಳಕಿಗೆ ಹಿಡಿದು ನೋಡಿದ, ಖೋಟಾ ಇರಬಹುದೆಂದು.

ಮಧ್ಯಾಹ್ನದ ಪಾರ್ಕು ಬೇರೆಯೇ ಊರು. ಬೆಳಿಗ್ಗೆ ಓಡುವವರು, ಈಗ ಮಲಗುವವರು. ಹುಲ್ಲಿನ ಮೇಲೆ ಬಣ್ಣ ಬಳಿಯುವ ಕೆಲಸದವರು ಟೋಪಿ ಮುಖಕ್ಕಿಟ್ಟು ನಿದ್ದೆ. ಒಬ್ಬ ತಾಯಿ ಮಗುವಿಗೆ ಮೊಟ್ಟೆ ಸುಲಿದು ಕೊಡುತ್ತಿದ್ದಾಳೆ. ಇಷ್ಟೆಲ್ಲ ನನಗೆ ಗೊತ್ತಿಲ್ಲದೆ ದಿನವೂ ನಡೆಯುತ್ತಿತ್ತು.

1.30

ಇಲ್ಲ.

1.45

ಇಲ್ಲ. ತೋಟದಮ್ಮ ಪೈಪು ಹಿಡಿದು ಬಂದು ನಿಂತಳು. ಒಂದೇ ಗಿಡಕ್ಕೆ ಹತ್ತು ನಿಮಿಷದಿಂದ ನೀರು ಬಿಡುತ್ತಿದ್ದಾಳೆ. ಅವಳೂ ಗೇಟನ್ನೇ ನೋಡುತ್ತಿದ್ದಾಳೆ.

1.58

ಬಂದಳು. ಹಿಂದಿನ ಗೇಟು. ಕುಂಟು ಇದೆ, ಬೆಳಗಿನದಕ್ಕಿಂತ ಜಾಸ್ತಿ. ಗೇಟಿನ ಕಂಬ ಹಿಡಿದು ನಿಂತಳು. ತೊಡೆಯ ಮೇಲೆ ಕೈ.

ಎದ್ದೆ. ಕೂತೆ. ಬರೆಯುತ್ತಿದ್ದರೆ ಓಡಿಹೋಗುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ತೋಟದಮ್ಮ, "ಹೋಗಯ್ಯಾ, ಕೈ ಕೊಡು," ಎಂದಳು. ಇಲ್ಲ, ಬರುತ್ತಾಳೆ ಎಂದೆ.

ಹೊರಟಳು. ಬಿದಿರಿನ ಹಿಂದೆ ಮರೆಯಾದಳು. ಇಷ್ಟು ಹೊತ್ತು ಬೇಕೇ ಬಿದಿರು ದಾಟಲು... ಕಂಡಳು. ಮುಖ ತಗ್ಗಿಸಿದ್ದಾಳೆ, ನಗುವೋ ಅಳುವೋ ಇಲ್ಲಿಂದ ತಿಳಿಯುವುದಿಲ್ಲ. ಚೀಲ ಹೆಗಲಲ್ಲಿಲ್ಲ. ಚೀಲ ಎಲ್ಲಿ? ಕಂಕುಳಲ್ಲಿ. ಮಡಚಿ ಇಟ್ಟುಕೊಂಡಿದ್ದಾಳೆ. ನಾಲ್ಕು ಮಡಿಕೆ, ಚಪ್ಪಟೆ. ಮಡಚಬೇಕೆಂದರೆ ಒಳಗೆ ಏನೂ ಇರಬಾರದು. ಅಂದರೆ ಒಂದು ಕಾಗದವೂ ವಾಪಸು —